ಊರ ನೆನಪಿಗೆ ಅತ್ತಿಗೆಯ ಸಾಕ್ಷಿ

ಊರ ನೆನಪಿನ ಲೇಖನವಿಲ್ಲದ ಸ್ಮರಣ ಸಂಚಿಕೆಯನ್ನು ನಾನಂತೂ ಕಂಡಿಲ್ಲ. ಶಾಲೆಯ ಸುವರ್ಣ ಮಹೋತ್ಸವವಿರಲಿ, ತಾಲೂಕು ಸಾಹಿತ್ಯ ಸಮ್ಮೇಳನವಿರಲಿ, ಜಾತ್ರೆಯ ವಿಶೇಷಾಂಕವಿರಲಿ, 'ನಾ ಕಂಡ ನಮ್ಮೂರು' ಎಂಬಂಥ ತಲೆಬರಹ ಅದರಲ್ಲಿ ಇದ್ದೇ ಇರುತ್ತದೆ. ನಾನು ಹುಟ್ಟಿ ಬೆಳೆದದ್ದು ಬಾದಾಮಿಯಲ್ಲಿ, ಮಕ್ಕಳಿಗೆ ಕಲಿಸುತ್ತಿರುವುದು ಬಾಗಲಕೋಟೆಯ ನವನಗರದಲ್ಲಿ. ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಪಾಠ ಮಾಡುವವಳಾದ್ದರಿಂದ ಇಂಥ ಬರಹಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಮೇಜಿನ ಒಂದು ಕಡೆ ಒಂಬತ್ತನೆಯ ತರಗತಿಯವರ 'ನನ್ನ ಊರು' ಪ್ರಬಂಧಗಳ ಕಟ್ಟು, ಇನ್ನೊಂದು ಕಡೆ ದೊಡ್ಡವರ ಲೇಖನಗಳು. ಮಕ್ಕಳದಕ್ಕೆ ಕೆಂಪು ಪೆನ್ನು ಆಡಿಸುತ್ತೇವೆ, ಅಂಕ ಕಳೆಯುತ್ತೇವೆ. ದೊಡ್ಡವರದನ್ನು ತಿದ್ದುವವರು ಯಾರು? ಎಲ್ಲರೂ ಓದಿ 'ಆಹಾ, ಎಂಥ ಚೆಂದ' ಎಂದು ಪುಟ ಮಗುಚುತ್ತಾರೆ. ಇಂದು ಆ ಕೆಂಪು ಪೆನ್ನನ್ನು ದೊಡ್ಡವರ ಬರಹಗಳ ಮೇಲೂ ಸ್ವಲ್ಪ ಆಡಿಸೋಣವೆಂದು ಕುಳಿತಿದ್ದೇನೆ.

ಬಾದಾಮಿಯನ್ನು ಕುರಿತ ನೆನಪಿನ ಬರಹಕ್ಕೆ ಒಂದು ಅಚ್ಚು ಬಿದ್ದುಹೋಗಿದೆ. ಮೊದಲು ಚಾಲುಕ್ಯರು ಬರುತ್ತಾರೆ. 543ರಲ್ಲಿ ಒಂದನೆಯ ಪುಲಕೇಶಿ ವಾತಾಪಿಯ ಗುಡ್ಡಕ್ಕೆ ಕೋಟೆ ಕಟ್ಟಿದ, 578ರಲ್ಲಿ ಮಂಗಳೇಶ ಮೂರನೆಯ ಗುಹೆಯನ್ನು ಕೊರೆಸಿದ, ಇಮ್ಮಡಿ ಪುಲಕೇಶಿ ಹರ್ಷನನ್ನು ನರ್ಮದೆಯ ದಂಡೆಯಲ್ಲಿ ತಡೆದ, ಅದನ್ನು 634ರಲ್ಲಿ ರವಿಕೀರ್ತಿ ಐಹೊಳೆಯಲ್ಲಿ ಶಾಸನ ಮಾಡಿದ. ಇಷ್ಟಾದ ಮೇಲೆ ಲೇಖಕರು ಒಂದೇ ನೆಗೆತಕ್ಕೆ ಹದಿಮೂರು ಶತಮಾನ ದಾಟಿ ತಮ್ಮ ಬಾಲ್ಯಕ್ಕೆ ಬಂದು ಇಳಿಯುತ್ತಾರೆ. ಅಲ್ಲಿ ಸ್ಟೇಷನ್ನಿನಿಂದ ಊರಿಗೆ ಬರುವ ಟಾಂಗಾ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ, ರಾತ್ರಿಯಿಡೀ ನಾಟಕ ಕಂಪನಿಗಳ ಆಟ, ಅಗಸ್ತ್ಯ ತೀರ್ಥದಲ್ಲಿ ಈಜು, ಕೈಯಲ್ಲಿದ್ದುದನ್ನು ಕಸಿಯುವ ಮಂಗಗಳು, ಅವ್ವನ ಕೈಯ ಬಿಸಿ ರೊಟ್ಟಿ. ಕೊನೆಯಲ್ಲಿ ಒಂದು ನಿಟ್ಟುಸಿರು: 'ಆ ಊರು ಈಗ ಉಳಿದಿಲ್ಲ.'

ಇವು ಕೆಟ್ಟ ಬರಹಗಳೆಂದು ನಾನು ಹೇಳುತ್ತಿಲ್ಲ. ಸಂಜೆಯ ಬಿಸಿಲಿಗೆ ಕೆಂಪು ಬಂಡೆ ಕೆಂಡದಂತಾಗುವುದನ್ನು, ಜಾತ್ರೆಯ ಹಾದಿಯ ಧೂಳಿನಲ್ಲಿ ಮಂಡಕ್ಕಿ ಮಿರ್ಚಿಯ ವಾಸನೆ ಬೆರೆಯುವುದನ್ನು ಓದುವಾಗ ನನ್ನ ಕಣ್ಣೂ ತೇವವಾಗುತ್ತದೆ. ನೆನಪಿಗೆ ಆ ಶಕ್ತಿ ಉಂಟು. ಆದರೆ ಕಣ್ಣು ತೇವವಾದರೆ ದೂರದ್ದೆಲ್ಲ ಮಸುಕಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟದೂರಿನವರಾದ ನಮಗೇ ಮರೆತುಹೋದರೆ ಹೇಗೆ?

ಮೊದಲ ತಕರಾರು ಆ ನೆಗೆತದ ಬಗ್ಗೆ. 634ರವರೆಗೆ ಲೆಕ್ಕ ಹೇಳಿದವರು 642 ಬಂದಾಗ ಬಾಯಿ ಮುಚ್ಚುತ್ತಾರೆ. ಆ ವರ್ಷ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಗೆದ್ದ, ಸುಮಾರು ಹದಿಮೂರು ವರ್ಷಗಳ ಕಾಲ ಊರು ಪರರ ಕೈಯಲ್ಲಿತ್ತು, ಒಂದನೆಯ ವಿಕ್ರಮಾದಿತ್ಯ ಬಂದು ಬಿಡಿಸಿಕೊಂಡ. ಗೆದ್ದವನ ಶಾಸನ ನಮ್ಮೂರ ಬಂಡೆಯ ಮೇಲೆಯೇ ಇದೆ. ತಮಿಳರು ಈ ಕಥೆಯನ್ನು ಮರೆತಿಲ್ಲ. ಕಲ್ಕಿಯವರ 'ಶಿವಕಾಮಿಯಿನ್ ಶಪಥಂ' ಕಾದಂಬರಿ ಓದಿದವರಿಗೆಲ್ಲ ವಾತಾಪಿ ಎಂದರೆ ಸೇಡು ತೀರಿಸಿಕೊಂಡ ಊರು. ಒಂದೇ ಊರು ಒಬ್ಬರಿಗೆ ತವರು, ಇನ್ನೊಬ್ಬರಿಗೆ ಶತ್ರುವಿನ ರಾಜಧಾನಿ. ಇದನ್ನು ತಿಳಿದರೆ ನಮ್ಮ ಪ್ರೀತಿ ಕಡಿಮೆಯಾಗುತ್ತದೆಯೇ? ನನಗೆ ಹಾಗೆನಿಸುವುದಿಲ್ಲ. ಆಮೇಲಿನ ಕಥೆಯೂ ಅಷ್ಟೇ. 1786ರಲ್ಲಿ ಮರಾಠರೂ ನಿಜಾಮನ ಪಡೆಯೂ ಸೇರಿ ಟೀಪುವಿನ ಸೈನಿಕರಿಂದ ಈ ಕೋಟೆ ಕಸಿದವು. 1818ರಲ್ಲಿ ಮನ್ರೋನ ಪಡೆ ಬಂತು. ಬಾವನ್ ಬಂಡೆ ಕೋಟೆಯ ಮೇಲಿನ ಕಣಜಗಳು, ಗುಹೆಗಳ ಬುಡದಲ್ಲಿರುವ ಗೋರಿ ಮತ್ತು ಮಸೀದಿ, ಇವೆಲ್ಲ ದಿನಬೆಳಗಾದರೆ ನಮ್ಮ ಕಣ್ಣಿಗೆ ಬೀಳುತ್ತಿದ್ದವು. ನೆನಪಿನ ಬರಹಕ್ಕೆ ಮಾತ್ರ ಇವು ಬೀಳುವುದಿಲ್ಲ.

ನಮ್ಮ ಕಡೆಯ ಇಳಕಲ್ಲ ಸೀರೆಯನ್ನು ನೋಡಿ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸದಿದ್ದರೆ ಸೀರೆಯೇ ಇಲ್ಲ. ಆ ಕೊಂಡಿ ಹಾಕುವ ಕೆಲಸ ಬೇಸರದ್ದು, ತಾಳ್ಮೆಯದು. ನಮ್ಮ ಲೇಖಕರ ಬಳಿ ಚಾಲುಕ್ಯರ ರೇಷ್ಮೆ ಸೆರಗಿದೆ, ತಮ್ಮ ಬಾಲ್ಯದ ಹತ್ತಿಯ ಒಡಲಿದೆ. ಕೊಂಡಿ ಮಾತ್ರ ಹಾಕಿಲ್ಲ.

ಎರಡನೆಯ ತಕರಾರು ಹೆಂಗಸರಿಗೆ ಸಂಬಂಧಿಸಿದ್ದು, ಆದ್ದರಿಂದ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಈ ಬರಹಗಳಲ್ಲಿ ಹೆಣ್ಣಿಗೆ ಇರುವುದು ಒಂದೇ ಜಾಗ, ಒಲೆಯ ಮುಂದೆ. ಅವ್ವ ರೊಟ್ಟಿ ಬಡಿಯುತ್ತಾಳೆ, ಅಜ್ಜಿ ಕಥೆ ಹೇಳುತ್ತಾಳೆ, ಅಕ್ಕ ಗುಳೇದಗುಡ್ಡದ ಖಣ ತೊಟ್ಟು ಜಾತ್ರೆಗೆ ಹೊರಡುತ್ತಾಳೆ. ಆ ಖಣದ ಮಗ್ಗಕ್ಕೆ ಕಂಡಿಕೆ ಸುತ್ತಿದವಳು ಯಾರು? ಬನಶಂಕರಿ ಗುಡಿಯ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಕೆಂಪಿಂಡಿ, ಮೊಸರು ಮಾರುತ್ತಾರಲ್ಲ, ಆ ಹೆಂಗಸರು ನಸುಕಿನಲ್ಲಿ ಎಷ್ಟು ಗಂಟೆಗೆ ಎದ್ದು ಒಲೆ ಹೊತ್ತಿಸಿದರು? ಎಷ್ಟು ದೂರದಿಂದ ಹೊತ್ತು ತಂದರು, ಸಂಜೆಗೆ ಎಷ್ಟು ದುಡ್ಡು ಸೆರಗಿನ ಗಂಟಿಗೆ ಬಿತ್ತು? ರೊಟ್ಟಿಯ ರುಚಿ ಹೇಳುವವರು ಈ ಲೆಕ್ಕ ಕೇಳುವುದಿಲ್ಲ. ಮಾರುವವಳ ರೊಟ್ಟಿ ಸಂಪಾದನೆ, ಅವ್ವನ ರೊಟ್ಟಿ ಪ್ರೀತಿ ಎಂದು ಹಂಚಿಬಿಟ್ಟಿದ್ದಾರೆ. ಎರಡೂ ದುಡಿಮೆಯೇ ಅಲ್ಲವೇ?

ವಿಚಿತ್ರವೆಂದರೆ, ಈ ವಿಷಯದಲ್ಲಿ ನಮ್ಮೂರ ಕಲ್ಲುಗಳೇ ನಮ್ಮ ಲೇಖಕರಿಗಿಂತ ಉದಾರಿಗಳು. ಮೂರನೆಯ ಗುಹೆಯ ಬಳಿ ಮಂಗಳೇಶನ ಚಿಕ್ಕದೊಂದು ಕನ್ನಡ ಶಾಸನವಿದೆ. ಅದು ಆ ಗುಹೆಯನ್ನು 'ಕಲ್ಮನೆ' ಎಂದು ಕರೆಯುತ್ತದೆ. ಎಂಥ ಸರಳವಾದ ಮಾತು! ಪಠ್ಯಪುಸ್ತಕದಲ್ಲಿ 'ಗುಹಾಂತರ ದೇವಾಲಯ' ಎಂದು ಓದಿ ನಾಲಿಗೆ ತಡವರಿಸುವ ಮಕ್ಕಳಿಗೆ ಈ ಪದ ಹೇಳಿದಾಗ ಅವರ ಮುಖ ಅರಳುತ್ತದೆ. ಆ ಕಲ್ಮನೆಗೆ ಊರೊಂದನ್ನು ದತ್ತಿ ಬಿಡುವಾಗ ಅರಸ ದೇವರಿಗೆ ಹೂ ಏರಿಸುವ ಮಾಲೆಗಾರರನ್ನು ಮರೆಯಲಿಲ್ಲ. ಅವರ ಪಾಲನ್ನೂ ಕಲ್ಲಿನಲ್ಲಿ ಬರೆಸಿದ. ಹೂ ಕಟ್ಟುವವರಿಗೆ ಇತಿಹಾಸದಲ್ಲಿ ಜಾಗವಿತ್ತು.

ಊರ ನಡುವೆ ಇರುವ ಜಂಬುಲಿಂಗ ಗುಡಿಯ ವಿಷಯ ತೆಗೆದುಕೊಳ್ಳಿ. ಸುತ್ತ ಮನೆಗಳು ಒತ್ತೊತ್ತಾಗಿ ನಿಂತಿರುವುದರಿಂದ ಗುಹೆ ನೋಡಿ ಹೋಗುವ ಪ್ರವಾಸಿಗರು ಅದರ ಕಡೆ ಹಾಯುವುದು ಅಪರೂಪ. ಆ ಗುಡಿ 699ರದು. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಅಲ್ಲಿ ಪ್ರತಿಷ್ಠಾಪಿಸಿದವಳು ವಿನಯವತಿ, ದೊರೆ ವಿಜಯಾದಿತ್ಯನ ತಾಯಿ. ಹತ್ತಿರದ ಮಹಾಕೂಟದ ಗುಡಿಯಲ್ಲಿ ಅದೇ ವಿಜಯಾದಿತ್ಯನ ಕಾಲದ ಕನ್ನಡ ಶಾಸನವಿದೆ. ದಾನ ಮಾಡಿದವಳು ವಿನಾಪೋಟಿ, ದೊರೆಯ ಪ್ರೀತಿಗೆ ಪಾತ್ರಳಾದ ಗಣಿಕೆ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿಯ ಕೊಡೆ ಹಿಡಿಸಿದಳು, ಹೊಲ ಬಿಟ್ಟಳು. ಶಾಸನ ಅವಳ ತಾಯಿ ಕುಚಿಪೋಟಿಯ ಹೆಸರನ್ನೂ ತಾಯಿಯ ತಾಯಿ ರೇವಮಂಚಳ್ ಹೆಸರನ್ನೂ ಹೇಳುತ್ತದೆ. ಅಜ್ಜಿ, ತಾಯಿ, ಮಗಳು, ಹೀಗೆ ಮೂರು ತಲೆಮಾರಿನ ಹೆಂಗಸರು ಒಂದೇ ಕಲ್ಲಿನಲ್ಲಿ! ನಮ್ಮ ನೆನಪಿನ ಲೇಖನಗಳಲ್ಲಿ ಅಜ್ಜನ ಹೆಸರಿರುತ್ತದೆ, ಮುತ್ತಜ್ಜನ ಹೆಸರಿರುತ್ತದೆ, ಅಜ್ಜಿ ಬರೀ 'ಅಜ್ಜಿ'ಯಾಗಿಯೇ ಉಳಿಯುತ್ತಾಳೆ. ನೀವೇ ಯೋಚಿಸಿ, ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ?

ಇನ್ನೊಂದು ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರ ಕಾಲದ್ದು. ಫ್ಲೀಟರು 1881ರಲ್ಲಿ ಅದನ್ನು ಅಚ್ಚು ಮಾಡಿಸಿ ಹೊರಗಿನ ಲೋಕಕ್ಕೆ ತಿಳಿಸಿದರು. ಅರಭಟ್ಟ ದೊರೆಯಲ್ಲ. ಒಳ್ಳೆಯವರಿಗೆ ಒಳ್ಳೆಯವನಾಗಿ, ಕೆಣಕಿದವರಿಗೆ ಕಠಿಣನಾಗಿ ಬಾಳಿದ ಒಬ್ಬ ಧೀರ. ಅವನನ್ನು ಹೊಗಳಿರುವುದು ತ್ರಿಪದಿಯಲ್ಲಿ, ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳಲ್ಲಿ. ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದುದೂ ತ್ರಿಪದಿಯೇ. ಬಂಡೆಯ ಮೇಲಿನ ಪದ್ಯಕ್ಕೂ ಬೀಸುವ ಕಲ್ಲಿನ ಪದಕ್ಕೂ ಒಂದೇ ನಡೆ. ಕೂಸಿಗೆ ಹಾಲುಣಿಸಿ ಹೊಟ್ಟೆ ಸವರುತ್ತ 'ವಾತಾಪಿ ಜೀರ್ಣೋ ಭವ' ಎನ್ನುವ ತಾಯಂದಿರು ಎಷ್ಟೋ ಊರುಗಳಲ್ಲಿದ್ದಾರೆ. ಬಾದಾಮಿಯನ್ನು ನೋಡದವರ ಮನೆಯಲ್ಲೂ ನಮ್ಮೂರ ಹಳೆಯ ಹೆಸರು ಹೀಗೆ ಹೆಂಗಸರ ಬಾಯಲ್ಲಿ ಉಳಿದಿದೆ. ಹೆಂಗಸರಿಗೂ ಇತಿಹಾಸಕ್ಕೂ ಏನು ಸಂಬಂಧ ಎನ್ನುವವರಿಗೆ ಇಷ್ಟು ಸಾಕು.

ಮೂರನೆಯ ತಕರಾರು ಆ ಕೊನೆಯ ನಿಟ್ಟುಸಿರಿನ ಬಗ್ಗೆ. ಗಂಡಸು ಊರು ಬಿಡುವುದು ನೌಕರಿಗೆ, ಹೆಣ್ಣು ಬಿಡುವುದು ಮದುವೆಗೆ. ಆದ್ದರಿಂದ ಗಂಡಸಿಗೆ ಹುಟ್ಟೂರು ಎಂಬ ಒಂದೇ ಮಾತು. ನಮಗೆ ಅದರೊಳಗೇ ತವರು ಎಂಬ ಇನ್ನೊಂದು ಮಾತಿದೆ. ತವರಿಗೆ ನಾವು ಹೋಗುವುದು ಅತಿಥಿಗಳಾಗಿ, ಪಂಚಮಿಗೋ ದೀಪಾವಳಿಗೋ. ಆಗ ನಮ್ಮ ಬಾಲ್ಯದ ಒಲೆಯ ಮುಂದೆ ನಿಂತಿರುವವಳು ಅತ್ತಿಗೆ. ನಮಗೆ ಅದು ನೆನಪಿನ ಮನೆ, ಅವಳಿಗೆ ದಿನನಿತ್ಯದ ಮನೆ. ನಮ್ಮ ನೆನಪು ಹಾಗೇ ಉಳಿಯಲೆಂದು ನೆಲ ಸಾರಿಸುವವಳು ಅವಳು. ತವರಿನ ಬಗ್ಗೆ ಹೆಂಗಸರು ಬರೆದಾಗಲೂ ಅತ್ತಿಗೆಗೆ ಸಿಗುವುದು ಹೆಚ್ಚೆಂದರೆ ಅರ್ಧ ಸಾಲು.

ನಮ್ಮ ತವರುಮನೆ ಬಾದಾಮಿಯ ಹಳೆಯ ಓಣಿಯೊಂದರಲ್ಲಿ, ಹಳೆಯ ಗುಡಿಯೊಂದರ ಮಗ್ಗುಲಲ್ಲಿದೆ. ಅದೇ ಓಣಿಯಲ್ಲಿ ಬೆಳೆದು ಈಗ ದೂರದ ನಗರದಲ್ಲಿರುವ ಹಿರಿಯರೊಬ್ಬರು ಅಲ್ಲಿನ ಮಾಳಿಗೆ ಮನೆಗಳ ಬಗ್ಗೆ ಬಲು ಸೊಗಸಾಗಿ ಬರೆದಿದ್ದರು. ದಪ್ಪ ಮಣ್ಣಿನ ಗೋಡೆಯ ತಂಪು, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬಿಸಿಲಿನ ಕೋಲು, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ಎಣಿಸಿದ ಚುಕ್ಕಿ. ಕೊನೆಗೆ, ಈಗ ಎಲ್ಲರೂ ಸಿಮೆಂಟಿನ ಮೋಹಕ್ಕೆ ಬಿದ್ದು ಊರನ್ನು ಕೆಡಿಸಿದರೆಂಬ ದುಃಖ. ಅದನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಹೆಚ್ಚು ಓದಿದವರಲ್ಲ. ಸೊಪ್ಪು ಸೋಸುತ್ತ ಪೂರ್ತಿ ಕೇಳಿದರು.

"ಭಾಳ ಚಂದ ಬರದಾರ ನೋಡ್ ತಂಗಿ," ಎಂದರು. "ಆದರ ಮಳಿಗಾಲದ್ದು ಒಂದ ಸಾಲೂ ಇಲ್ಲಲ್ಲ? ಮಾಳಗಿ ಸೋರತಿದ್ದಿಲ್ಲೇನು? ನಾ ಈ ಮನಿಗೆ ಬಂದಾಗಿಂದ ಸೋರೂ ಕಡೆ ಎಲ್ಲಾ ಬೋಗಾಣಿ ಇಟಗೋತ ಬಂದೀನಿ. ವರ್ಷಾ ಮಣ್ಣ ಹಾಕಸಬೇಕು, ಆಳ ಸಿಗೂದಿಲ್ಲ. ಚುಕ್ಕಿ ಎಣಸಿದವರು ಅವರು, ಬೋಗಾಣಿ ಎಣಸಿದಾಕಿ ನಾನು."

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಲೇಖನ ಸುಳ್ಳೆಂದು ಅತ್ತಿಗೆ ಹೇಳಲಿಲ್ಲ, ಅರ್ಧವೆಂದರು. ಬೇಸಿಗೆಯ ರಜೆಯ ನೆನಪಿನಿಂದ ಇಡೀ ವರ್ಷದ ಊರನ್ನು ಕಟ್ಟಲಾಗದು.

ಈ ಅರ್ಧ ನೆನಪಿನಿಂದ ಯಾರಿಗೂ ನಷ್ಟವಿಲ್ಲ, ಬರೆಯಲಿ ಬಿಡಿ ಎನ್ನಬಹುದು. ಹಾಗಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆ ಬಂದದ್ದು 1958ರಲ್ಲಿ. ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಏನು ಮಾಡಬೇಕಾದರೂ ಅನುಮತಿ ಬೇಕು. ಬಾದಾಮಿಯಂಥ ಊರಿನಲ್ಲಿ ಗುಡಿಯ ಗೋಡೆಗೂ ಮನೆಯ ಗೋಡೆಗೂ ಅಂತರ ಎಷ್ಟಿರುತ್ತದೆಂದು ಹೋಗಿ ನೋಡಿದವರಿಗೆ ಗೊತ್ತು. ಕಾಯಿದೆ ಬೇಡವೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ವಿನಯವತಿಯ ಗುಡಿಯಂಥವು ನಮ್ಮ ಮೊಮ್ಮಕ್ಕಳಿಗೆ ಉಳಿಯಲಾರವು. ಆದರೆ ಮಂಡಿನೋವಿನ ಮುದುಕಿಗಾಗಿ ಮನೆಯೊಳಗೇ ಒಂದು ಪಾಯಖಾನೆ ಕಟ್ಟಿಸಬೇಕೆನ್ನುವ ಸೊಸೆಯ ಅಗತ್ಯವೂ ನಿಜವೇ. ಎರಡು ನಿಜಗಳನ್ನು ಸರಿದೂಗಿಸುವುದು ಕಷ್ಟದ ಕೆಲಸ. ಅದಕ್ಕೆ ಊರಲ್ಲಿ ಇರುವವರ ಮಾತು ಕೇಳಬೇಕು. ಊರು ಬಿಟ್ಟವರ ಲೇಖನಗಳು ಅಚ್ಚಾಗುತ್ತವೆ, ಇರುವವರ ಮಾತು ಅಚ್ಚಾಗುವುದಿಲ್ಲ. ಹೀಗಾಗಿ 'ಊರು ಹಳೆಯದರಂತೆಯೇ ಇರಲಿ' ಎಂಬುದೇ ಊರಿನ ಅಭಿಪ್ರಾಯವೆಂದು ಓದಿದವರು ತಿಳಿಯುತ್ತಾರೆ.

ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಚಿತ್ರವನ್ನು ನೀವೂ ನೋಡಿರಬೇಕು. ಬಣ್ಣಬಣ್ಣದ ಸೀರೆ, ಹಿಂದೆ ಭೂತನಾಥ ಗುಡಿ, ಮೇಲೆ ಕೆಂಪು ಬಂಡೆ. ಬಂದವರೆಲ್ಲ ತೆಗೆಯುವ ಫೋಟೋ ಅದು. ಒಬ್ಬರಿಗೆ ಅದು ಸೊಬಗು, ಇನ್ನೊಬ್ಬರಿಗೆ ಸ್ಮಾರಕದ ಪಕ್ಕದ ಗಲೀಜು. ಒಗ್ಯಾಣದ ಗಂಟು ಹೊತ್ತು ನಡೆದವಳ ನಡು ನೋವಿನ ಬಗ್ಗೆ ಇಬ್ಬರದೂ ಮೌನವೇ. ಆ ಬಟ್ಟೆ ಬಡಿಯುವ ಸದ್ದು ಬಂಡೆಗೆ ತಾಗಿ ಮರುದನಿಯಾಗಿ ಬರುತ್ತಿದ್ದುದನ್ನು ನಾನೂ ಬಾಲ್ಯದಲ್ಲಿ ಕೇಳಿ ಬೆಳೆದವಳು. ಅದು ಬರಹದಲ್ಲಿ ಬರಲಿ, ಖಂಡಿತ ಬರಲಿ. ಮನೆಯಲ್ಲಿ ನಲ್ಲಿಯ ನೀರು ಇಲ್ಲದ್ದರಿಂದ ಆ ಸದ್ದು ಹುಟ್ಟುತ್ತಿತ್ತು ಎಂಬುದೂ ಜೊತೆಗೆ ಬರಲಿ.

ಬಾದಾಮಿಯವರು ಒಂದು ಲೆಕ್ಕದಲ್ಲಿ ಪುಣ್ಯವಂತರು. ನೆನಪು ತಪ್ಪಿದರೆ ಹೋಗಿ ನೋಡಿಬರಲು ಊರು ಅಲ್ಲೇ ಇದೆ. ನಾನೀಗ ಇರುವ ಬಾಗಲಕೋಟೆಯವರಿಗೆ ಆ ಭಾಗ್ಯವಿಲ್ಲ. ಕೃಷ್ಣೆಗೆ ಆಲಮಟ್ಟಿ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅದು ಲೋಕಾರ್ಪಣೆಯಾದದ್ದು 2006ರಲ್ಲಿ. ಈ ನಡುವಿನ ವರ್ಷಗಳಲ್ಲಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿತು. ಇಲ್ಲಿ ಅದಕ್ಕೆ 'ಮುಳುಗಡೆ' ಎಂಬ ಒಂದೇ ಪದ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳಲ್ಲಿ ಬದುಕಿದವರಲ್ಲಿ ಬಹಳ ಮಂದಿ ಈಗ ನವನಗರದಲ್ಲಿ ಸೆಕ್ಟರ್ ನಂಬರುಗಳಲ್ಲಿ ಬದುಕುತ್ತಿದ್ದಾರೆ. ಹಳೆಯ ಊರಿನ ಉಳಿದ ಭಾಗದಲ್ಲಿ ಇಂದಿಗೂ ಜನವಿದೆ, ಹೋಳಿ ಬಂದರೆ ಪೇಟೆಗಳ ಹೆಸರು ಮತ್ತೆ ಬಾಯಿಗೆ ಬರುತ್ತವೆ. ಆದರೆ ನೀರಿನಡಿಯ ಓಣಿಗೆ ಸಾಕ್ಷಿ ಹೇಳಲು ನೆನಪೊಂದೇ ಉಳಿದಿದೆ. ಇಂಥಲ್ಲಿ ನೆನಪು ಮಸುಕಾದರೆ ಊರು ಎರಡನೆಯ ಸಲ ಮುಳುಗಿದಂತೆಯೇ.

ಒಂದು ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು 'ನನ್ನ ಊರು' ಪ್ರಬಂಧ ಬರೆದುಕೊಟ್ಟಳು. ಮುಳುಗಡೆಯಾದ ಮೇಲೆ ಹುಟ್ಟಿದವಳು, ಆ ಊರನ್ನು ಕಂಡವಳಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಕೇಳಿ ಬರೆದಿದ್ದಳು: ನಮ್ಮ ಮನೆಯ ಎಡಕ್ಕೆ ಯಾರು, ಬಲಕ್ಕೆ ಯಾರು, ಗಿರಣಿ ಎಲ್ಲಿತ್ತು, ನೀರಿಗೆ ಎಷ್ಟು ಹೊತ್ತಿಗೆ ಪಾಳಿ, ಹೆರಿಗೆಗೆ ಕರೆಯುತ್ತಿದ್ದ ಸೂಲಗಿತ್ತಿಯ ಮನೆ ಯಾವ ತಿರುವಿನಲ್ಲಿ, ಪರಿಹಾರದ ದುಡ್ಡು ಯಾರ ಕೈಗೆ ಬಂತು, ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ, ಹೊಸ ಮನೆಯಲ್ಲಿ ನಲ್ಲಿ ಬಂದದ್ದಕ್ಕೆ ಅಜ್ಜಿಗೆ ಆದ ಖುಷಿ, ಮಾತಾಡಲು ಪಕ್ಕದ ಮನೆಯವರಿಲ್ಲದ್ದಕ್ಕೆ ಆದ ದುಃಖ. ಅಲಂಕಾರವಿಲ್ಲ, ನಿಟ್ಟುಸಿರಿಲ್ಲ, ಒತ್ತಕ್ಷರದ ತಪ್ಪುಗಳು ಬೇಕಾದಷ್ಟು. "ಅಕ್ಕೋರ, ಇದರಾಗ ಕಲ್ಪನಾ ಏನೂ ಇಲ್ರಿ, ನಡೀತೈತೇನ್ರಿ?" ಎಂದು ಅಂಜುತ್ತ ಕೇಳಿದಳು. ನಡೆಯುತ್ತದೆ ಎಂದೆ. ಆ ಕಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ.

ಖುಷಿ, ದುಃಖ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟ ಆ ಪ್ರಾಮಾಣಿಕತೆಯನ್ನು ನಾನು ದೊಡ್ಡವರಿಂದಲೂ ಬಯಸುತ್ತೇನೆ. ಊರ ಮೇಲಿನ ಪ್ರೀತಿ ಊರಿನ ವಿವರಗಳಲ್ಲಿ ಕಾಣಬೇಕು. ಮಾಲೆಗಾರರ ಪಾಲನ್ನು ಮರೆಯದ ಕಲ್ಲಿನೂರಿನವರು ನಾವು. ರೊಟ್ಟಿ ಮಾರುವವಳ, ಕಂಡಿಕೆ ಸುತ್ತುವವಳ, ಬೋಗಾಣಿ ಇಡುವವಳ ಲೆಕ್ಕವನ್ನು ಕಾಗದದ ಮೇಲಾದರೂ ಬರೆಯದಿದ್ದರೆ ಹೇಗೆ?

ಓದುವ ಗೆಳತಿಯರೇ, ನಿಮ್ಮಲ್ಲಿ ಬಹಳ ಜನ ಊರ ನೆನಪನ್ನು ಬರೆದಿದ್ದೀರಿ, ಇನ್ನು ಕೆಲವರು ಬರೆಯಬೇಕೆಂದಿದ್ದೀರಿ. ಬರೆಯಿರಿ. ಅಚ್ಚಿಗೆ ಕಳಿಸುವ ಮುನ್ನ ಒಂದು ಸಲ ತವರಿಗೆ ಹೋಗಿ, ಅತ್ತಿಗೆಯ ಕೈಗೆ ಚಹಾದ ಬಟ್ಟಲು ಕೊಟ್ಟು, ಎದುರಿಗೆ ಕೂರಿಸಿಕೊಂಡು ಓದಿ ಹೇಳಿ. "ಹೌದ ನೋಡು, ಹಿಂಗ ಇತ್ತು" ಎಂದರೆ ಸಂತೋಷ. "ಹೌದು, ಆದರ..." ಎಂದರೆ ಪೆನ್ನು ತೆಗೆಯಿರಿ. ಆ 'ಆದರ' ಎಂಬುದರ ಮುಂದಿನದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಅವರ ಹೆಸರನ್ನೂ ಹಾಕಿ.